ಹತ್ತು ಗಂಟೆಯ ಕಾಲ್‌ಗೆ ಮೊದಲು

ಮಗಳೇ,

ನೀನು ಸ್ನಾನಕ್ಕೆ ಹೋದ ಹೊತ್ತಿನಲ್ಲೇ ಹೊರಡುತ್ತಿದ್ದೇನೆ. ಎದುರಿಗೆ ಸಿಕ್ಕಿದರೆ "ಬಿಸಿಲಲ್ಲಿ ಎಲ್ಲಿಗೆ ಮಾವ, ಸುಮ್ನೆ ಕೂತ್ಕೊಳಿ" ಅನ್ನುತ್ತೀಯ. ಸುಮ್ಮನೆ ಕೂರುವುದು ಇವತ್ತು ನನ್ನಿಂದಾಗದು.

ನಿನ್ನೆ ಗೋಡೆಯ ಈಚೆಗೆ ಎಲ್ಲ ಕೇಳಿಸಿತು. ನಾನು ಹಾಡುವ ದೇವರ ಪದ್ಯ ಆಫೀಸಿನವರಿಗೆ ಕೇಳದಿರಲೆಂದು ನೀನು ಮೈಕ್ ಆಫ್ ಮಾಡಿದ್ದೆ. ಆನ್ ಮಾಡುವುದನ್ನು ಮರೆತು ಐದು ನಿಮಿಷ ಮಾತಾಡಿದೆ. ಅಷ್ಟು ಚೆನ್ನಾಗಿ ವಿವರಿಸಿದ್ದನ್ನು ಕೇಳಿದವನು ನಾನೊಬ್ಬನೇ. ನಿಮ್ಮ ಮೇಲಧಿಕಾರಿ "ಏನಮ್ಮಾ, ನಿದ್ದೇನಾ?" ಅಂದರು, ಉಳಿದವರು ನಕ್ಕರು. ನೀನು "ಸಾರಿ ಸರ್" ಅಂದೆಯೇ ಹೊರತು ನನ್ನ ಮೇಲೆ ಹಾಕಲಿಲ್ಲ.

ತಂಡದ ಹೊಣೆ ನಿನ್ನ ಕೈಗೋ ಬೇರೆಯವರ ಕೈಗೋ ಎಂದು ಇವತ್ತು ಹತ್ತಕ್ಕೆ ತೀರ್ಮಾನ ಎಂದದ್ದೂ ಕೇಳಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಿಟಕಿಗೆ ಬೆನ್ನು ಮಾಡಬೇಡ, ಮುಖ ಕಪ್ಪಾಗಿ ಕಾಣುತ್ತದೆ. ಕುರ್ಚಿ ತಿರುಗಿಸಿಟ್ಟಿದ್ದೇನೆ. ಹಗ್ಗದ ಮೇಲಿನ ಬಟ್ಟೆ ಮಡಿಸದೆ ಮಂಚಕ್ಕೆ ಹಾಕಿದ್ದೇನೆ, ಬೈಯಬೇಡ. ಕಾಲಿಂಗ್ ಬೆಲ್ಲಿನ ಸ್ವಿಚ್ ಆಫ್ ಮಾಡಿದ್ದೇನೆ. ಕುಕ್ಕರ್ ಇಡಬೇಡ. ಬರೀ ಬನಿಯನ್ನಿನಲ್ಲಿ ನಿನ್ನ ಹಿಂದೆ ಓಡಾಡಬೇಡವೆಂದು ನನ್ನ ಮಗನಿಗೆ ಹೇಳಿದ್ದೇನೆ. ನೀನೂ ಒಮ್ಮೆ ಗದರಿಸು.

ಬಾಯಿ ತೆರೆಯುವ ಮೊದಲು ಮೈಕ್ ನೋಡು. ಯಾರಾದರೂ ಅಡ್ಡಬಾಯಿ ಹಾಕಿದರೆ "ಮುಗಿಸಿಬಿಡ್ತೀನಿ ಸರ್" ಅಂತ ಮುಂದುವರಿಸು. ನಗುತ್ತಲೇ ಹೇಳು.

ಬೆಳಿಗ್ಗೆ ಪದ್ಯಕ್ಕೆ ಕೂತರೆ ಎರಡನೇ ಸಾಲೇ ನೆನಪಾಗಲಿಲ್ಲ. ದೇವರಿಗೆ ನಿನ್ನ ವಿಷಯವಷ್ಟೇ ಹೇಳಿ ಎದ್ದೆ.

ಗ್ರಂಥಾಲಯದ ಮೆಟ್ಟಿಲ ಮೇಲಿರುತ್ತೇನೆ. ಮುಗಿದ ಕೂಡಲೇ ಫೋನ್ ಮಾಡು, ಕೈತಪ್ಪಿದ್ದರೂ ಮಾಡು. ಬಾಗಿಲು ತೆರೆದ ನಿನ್ನ ಮುಖ ನೋಡಿ ಅದನ್ನು ತಿಳಿಯುವ ಧೈರ್ಯ ನನಗಿಲ್ಲ.

ಮಾವ