ಕೀಲು ಬಿಚ್ಚಿದ ಬಾಗಿಲು

ಮಗಳೇ,

ಹಳೇ ಲ್ಯಾಪ್‌ಟಾಪಿನಲ್ಲಿ ನೀನೊಬ್ಬಳೇ ಮಾಡಿದ ಆಟವನ್ನು ಚಿಕ್ಕಮ್ಮ ಹಾಕಿಕೊಟ್ಟಳು. "ಭಾವ, ಕಂಡಿದ್ದನ್ನೆಲ್ಲ ಒತ್ತುತ್ತಾ ಹೋಗಿ, ಅಷ್ಟೇ" ಅಂದಳು. ನಾಲ್ಕು ಸಂಜೆ ಒತ್ತಿದೆ.

ಆಟದಲ್ಲಿ ತಾಯಿ ತೀರಿಕೊಂಡ ಮನೆ, ಒಳಗಿನಿಂದ ಮುಚ್ಚಿಕೊಂಡ ಅಪ್ಪನ ಕೋಣೆ, ಬೀಗದ ಕೈ ಹುಡುಕುತ್ತಾ ಅಲೆಯುವ ಹುಡುಗಿ. ಯಾರ ಮನೆ ಅಂತ ನಾನು ಕೇಳುವುದಿಲ್ಲ.

ಆದರೆ ಬಡಗಿಯ ಮಗಳಾಗಿ ಇಂಥ ತಪ್ಪೇ? ಬಾಗಿಲಿನ ಕೀಲುಗಳನ್ನು ಹುಡುಗಿ ನಿಂತ ಕಡೆಗೇ ಇಟ್ಟಿದ್ದೀಯ. ಹಾಗಿದ್ದರೆ ಬೀಗದ ಕೈ ಯಾಕೆ? ಕೀಲಿನ ಪಿನ್ನು ಎತ್ತಿದರೆ ಬಾಗಿಲೇ ಕೈಗೆ ಬರುತ್ತದೆ. ಅದನ್ನೂ ಒತ್ತಿ ನೋಡಿದೆ, "ಇಲ್ಲೇನೂ ಇಲ್ಲ" ಎಂದಿತು. ತಿದ್ದಿಬಿಡು. ಆ ಮಗು ಅಷ್ಟು ಅಲೆಯುವುದನ್ನು ನೋಡಲಾಗಲಿಲ್ಲ.

"ಅಪ್ಪಾ, ಒಳಗಿದ್ದೀಯಾ?" ಅಂತ ಅವಳು ಬಾಗಿಲು ತಟ್ಟುತ್ತಾಳಲ್ಲ, ನಿನ್ನದೇ ದನಿಯಲ್ಲಿ? ಅದಕ್ಕೆ ಉತ್ತರ ಕೊಡಲು ಎಲ್ಲಿ ಒತ್ತಬೇಕೋ ಗೊತ್ತಾಗಲಿಲ್ಲ. ಅದಕ್ಕೇ ಈ ಕಾಗದ. ಒಳಗೇ ಇದ್ದೆ, ಮಗಳೇ.

ನನ್ನ ಕೋಣೆಯ ಬಾಗಿಲನ್ನು ಮೊನ್ನೆ ಬಿಚ್ಚಿದೆ. ಒಳ್ಳೇ ಮರ. ಉಜ್ಜಿ ನುಣುಪು ಮಾಡಿ, ಕಾಲು ಕೊಟ್ಟು ಮೇಜು ಮಾಡಿದ್ದೇನೆ. ನಿನ್ನ ಲ್ಯಾಪ್‌ಟಾಪ್ ಇಟ್ಟ ಮೇಲೂ ಎರಡು ತಟ್ಟೆಗೆ ಜಾಗ ಉಳಿಯುತ್ತದೆ. ಕಾಲುಗಳನ್ನು ಮಾತ್ರ ಉದ್ದವಾಗಿಯೇ ಬಿಟ್ಟಿದ್ದೇನೆ. ನೀನು ಬಂದು ಕೂತ ಮೇಲೆ ಎತ್ತರ ನೋಡಿ ಕತ್ತರಿಸುತ್ತೇನೆ.

ಗರಗಸ ಹಿಡಿದು ಕಾಯುತ್ತಿರುವ,
ಅಪ್ಪ