ಬೆಂಚು ತಿರುಗಿದ ಮೇಲೆ

ಮಾರ್ಚ್ ೪, ಮಂಗಳವಾರ. ರೇಡಿಯೋ ಮುಗಿದ ಮೇಲೆ

...ಅಂದರೆ ನಿನ್ನೆ ಬರೆದದ್ದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ. ಇವತ್ತು ಮತ್ತೆ ಹೋಗಿ ನೋಡಿದೆ. ಬಸ್ ಸ್ಟಾಪಿನ ಹೊಸ ಬೆಂಚನ್ನು ಗೋಡೆಗೆ ಮುಖ ಮಾಡಿಯೇ ನೆಟ್ಟಿದ್ದಾರೆ. ರಸ್ತೆಗೆ ಬೆನ್ನು. ಕೂತವರು ಗೋಡೆಯ ಸುಣ್ಣ ಎಣಿಸಬೇಕು, ಬಸ್ಸು ಬೆನ್ನ ಹಿಂದೆ ಬಂದು ಬೆನ್ನ ಹಿಂದೆಯೇ ಹೋಗಬೇಕು. ಗಾರೆಯವನು ಅಲ್ಲೇ ಇದ್ದ. "ನಕ್ಷೇಲಿ ಹಾಗೇ ಇತ್ತು ಸಾರ್" ಎಂದ. ನಕ್ಷೆ ನೋಡಿದೆ. ಪುಣ್ಯಾತ್ಮ ಅದನ್ನೇ ತಲೆಕೆಳಗೆ ಹಿಡಿದಿದ್ದ!

ಬೆಳಗಿನ ರೇಡಿಯೋದ 'ನಮ್ಮ ಬೀದಿ'ಗೆ ಫೋನ್ ಮಾಡಿದೆ. ಲೈನ್ ಸಿಕ್ಕಿಯೇಬಿಟ್ಟಿತು. ನಡೆಸುವ ಹುಡುಗಿಯ ಮೊದಲ ಮಾತು — "ಸಾರ್, ನಿಮ್ಮ ರೇಡಿಯೋ ಸ್ವಲ್ಪ ಸಣ್ಣ ಮಾಡಿ, ನಿಮ್ಮ ಮಾತು ನಿಮಗೇ ವಾಪಸ್ ಬರ್ತಿದೆ." ಅಡುಗೆಮನೆಯ ರೇಡಿಯೋ. ನನ್ನಾಕೆಯದು. ಅವಳಿದ್ದಾಗ ನಾನು ಫೋನ್ ಎತ್ತಿದೊಡನೆ ಸೌಟು ಹಿಡಿದ ಕೈಯಿಂದಲೇ ಗುಂಡಿ ತಿರುಗಿಸುತ್ತಿದ್ದಳು. ಹೇಳಬೇಕಾಗಿರಲಿಲ್ಲ. ಅವಳು ಹೋಗಿ ಇದು ಎರಡನೇ ಬೇಸಿಗೆ... ಓಡಿ ಹೋಗಿ ನಾನೇ ಸಣ್ಣ ಮಾಡಿದೆ. ಏದುಸಿರು ಕೂಡ ಗಾಳಿಗೆ ಹೋಯಿತು.

"ಮೇಡಂ, ಇದು ಪಬ್ಲಿಕ್ ಇಂಟರೆಸ್ಟ್. ಜಸ್ಟಿಸ್ ಡಿಲೇಡ್ ಈಸ್..." ಮುಂದಿನದು ಬರಲಿಲ್ಲ. ಕಾಲೇಜಿನಲ್ಲಿ ಡಿಬೇಟಿಗೆ ಬಾಯಿಪಾಠ ಮಾಡಿದ್ದು. ಎಲ್ಲಿ ಹೋಯಿತೋ. "...ಈಸ್ ನಾಟ್ ಗುಡ್" ಎಂದು ಮುಗಿಸಿದೆ.

ಅವರ ನಿಯಮ ಚೆನ್ನಾಗಿದೆ. ಒಂದು ವಾರ್ಡಿಗೆ ಒಂದು ಹೊತ್ತಿನಲ್ಲಿ ಒಂದೇ ದೂರು. ಪ್ರತಿ ಮಂಗಳವಾರ ಅವಳೇ ಫೋನ್ ಮಾಡಿ "ಆಯ್ತಾ?" ಎನ್ನುತ್ತಾಳೆ. ದೂರು ಕೊಟ್ಟವರೇ ಬಾಯಿಬಿಟ್ಟು "ಆಯ್ತು" ಎನ್ನುವವರೆಗೆ ಆ ದೂರು ತೆರೆದೇ ಇರುತ್ತದೆ. ಆಮೇಲಷ್ಟೇ ಮುಂದಿನವರದು. ವಾರ್ಡ್ ಕಚೇರಿಯವರು "ಆಯ್ತು" ಅಂದರೆ ಸಾಲದು.

"ಬರೋ ಮಂಗಳವಾರ ಕಾಯ್ತಾ ಇರಿ ಸಾರ್."

ಕಾಯುತ್ತೇನೆ. ನನಗೇನು, ಇನ್ನೇನು ಕಡಿದು ಗುಡ್ಡೆ ಹಾಕುವುದಿದೆ!

ಮಾರ್ಚ್ ೧೧, ಮಂಗಳವಾರ

ಎದ್ದೊಡನೆ ಶೇವ್. ಇಸ್ತ್ರಿ ಮಾಡಿದ ಶರ್ಟು. ರೇಡಿಯೋಗೆ ಶರ್ಟು ಕಾಣುವುದಿಲ್ಲ ನಿಜ. ಆದರೂ ಬನಿಯನ್ನಿನಲ್ಲಿ ಕೂತು ಸಾರ್ವಜನಿಕರ ಪರವಾಗಿ ಮಾತಾಡುವುದು ಹೇಗೆ?

"ಆಯ್ತಾ ಸಾರ್?"

"ಇಲ್ಲ ಮೇಡಂ. ಬೆಂಚು ಇನ್ನೂ ಮುನಿಸಿಕೊಂಡು ಗೋಡೆ ಕಡೆ ತಿರುಗಿ ಕೂತಿದೆ."

ನಕ್ಕಳು. ಗಾಳಿಯಲ್ಲಿ, ಎಲ್ಲರೂ ಕೇಳುವ ಹಾಗೆ. ಇಡೀ ದಿನ ಅದೇ ನಗುವಿನ ಮೇಲೆ ಕಳೆಯಿತು.

ಸ್ಟಾಪಿನ ಎದುರಿನ ಕ್ಷೌರದವನು ಅಂಗಡಿಯೊಳಗಿಂದಲೇ ಕೂಗಿದ — "ಏನು ಬೆಂಚ್ ಸಾಹೇಬ್ರೇ! ಇನ್ನು ನಮ್ಮಂಥವರ ಕೈಗೆ ಸಿಗ್ತೀರೋ ಇಲ್ವೋ?"

ಮಾರ್ಚ್ ೧೬, ಭಾನುವಾರ

ನಿನ್ನೆ ಬಂದು ಬೆಂಚು ತಿರುಗಿಸಿದರು. ಆ ಗಾರೆಯವನೇ. ಮುಖ ಮಾತ್ರ ಇನ್ನೂ ಗೋಡೆ ಕಡೆಗೇ ಇತ್ತು, ಅವನದು.

ಮಗಳು ಬಂದಿದ್ದಳು. ಕರೆದುಕೊಂಡು ಹೋಗಿ ಕೂರಿಸಿದೆ. ರಸ್ತೆ ಕಂಡಿತು, ಬಸ್ಸು ಕಂಡಿತು, ಡ್ರೈವರ್ ಕೈ ಬೀಸಿದ. "ಅಪ್ಪಾ, ಗೆದ್ದುಬಿಟ್ರಿ! ಮಂಗಳವಾರ 'ಆಯ್ತು' ಅಂತ ಹೇಳಿ ಮುಗಿಸಿಬಿಡಿ" ಎಂದಳು.

ಮುಗಿಸಿಬಿಡಿ. ಹೌದು. ಹೇಳಬೇಕು.

ಮಾರ್ಚ್ ೧೮, ಮಂಗಳವಾರ

"ಆಯ್ತಾ ಸಾರ್?"

"ತಿರುಗಿಸಿದಾರೆ ಮೇಡಂ. ಆದರೆ ನಿನ್ನೆ ಬಳಿದ ಬಣ್ಣ ಇನ್ನೂ ಒಣಗಿಲ್ಲ."

ಸುಳ್ಳಲ್ಲ. ಒಂದು ಮೂಲೆ ಅಂಟುತ್ತಿತ್ತು.

ಮಾರ್ಚ್ ೨೫, ಮಂಗಳವಾರ

ಅಲ್ಲಾಡುತ್ತದೆ ಎಂದೆ. ಟು ಬಿ ಫ್ರ್ಯಾಂಕ್, ಜೋರಾಗಿ ಕೂತು ಜೋರಾಗಿ ಎದ್ದರೆ ಕೊಂಚ ಅಲ್ಲಾಡುತ್ತದೆ. ಅಥವಾ ನಾನೇ ಅಲ್ಲಾಡಿದೆನೋ.

ಕ್ಷೌರದವನು ಅಂಗಡಿಯಿಂದ ಇಳಿದು ಬಂದು ಎರಡು ಕೈಯಿಂದ ಬೆಂಚು ಅಲುಗಿಸಿ ನೋಡಿದ. ಬಂಡೆಯ ಹಾಗಿತ್ತು.

"ಕುಣೀಲಾರದವಳಿಗೆ ನೆಲ ಡೊಂಕು ಅಂತೆ. ನಿಮಗೆ ಬೆಂಚು ಡೊಂಕಾ?"

"ನೀನು ತಲೆ ನೋಡ್ಕೋ. ಬೆಂಚು ನಾನು ನೋಡ್ಕೋತೀನಿ."

"ನಿಮ್ಮ ತಲೇಲಿ ನೋಡೋಕೆ ಏನು ಉಳಿದಿದೆ ಸ್ವಾಮಿ?"

ಇಬ್ಬರೂ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಬೆನ್ನಿಗೆ ಒಳ್ಳೆ ಆಸರೆ. ಇಂಥ ಬೆಂಚು ಊರಲ್ಲಿ ಇನ್ನೊಂದಿಲ್ಲ.

ಏಪ್ರಿಲ್ ೧, ಮಂಗಳವಾರ

"ಒಂದು ಮೊಳೆ ಎದ್ದಿರೋ ಹಾಗಿದೆ ಮೇಡಂ."

"ಹಾಗಿದೆಯೋ, ಎದ್ದಿದೆಯೋ ಸಾರ್?"

ಚುರುಕು ಹುಡುಗಿ. ಇನ್ನೊಂದು ವಾರ ನೋಡುತ್ತೇನೆ ಎಂದೆ.

ಏಪ್ರಿಲ್ ೩, ಗುರುವಾರ. ಬೆಳಿಗ್ಗೆ



ರೇಡಿಯೋ ಜೋರಾಗಿಟ್ಟು ಬ್ರೆಡ್ಡು ಸುಡುತ್ತಿದ್ದೆ. ಪಕ್ಕದ ಮನೆಯ ನರ್ಸಮ್ಮ ಗೋಡೆಯಾಚೆ ಯಾರೊಡನೆಯೋ ಮಾತಾಡುತ್ತಿದ್ದಳು. ಆ ಮಾತೇ ಕೊಂಚ ತಡೆದು ನಮ್ಮ ರೇಡಿಯೋದಿಂದ ಬಂತು! ಮೊದಲು ಗೋಡೆಯಿಂದ, ಆಮೇಲೆ ರೇಡಿಯೋದಿಂದ. ಒಬ್ಬಳೇ ನರ್ಸಮ್ಮ, ಎರಡು ಸಲ.

"ನಿಮ್ಮ ರೇಡಿಯೋ ಸಣ್ಣ ಮಾಡಿ ಮೇಡಂ."

"ನಮ್ಮದಲ್ಲ ಮೇಡಂ, ಪಕ್ಕದ ಮನೆ ತಾತಂದು."

ಹಾರಿ ಹೋಗಿ ಗುಂಡಿ ತಿರುಗಿಸಿದೆ. ಮಿಕ್ಕದ್ದನ್ನು ಗೋಡೆಗೆ ಕಿವಿಯಿಟ್ಟು ಕೇಳಿದೆ. ನಮ್ಮ ಹಿಂದಿನ ಓಣಿಯ ದೀಪ ಕೆಟ್ಟಿದೆ. ಸಂಜೆ ಡ್ಯೂಟಿ ಮುಗಿಸಿ ಕತ್ತಲಲ್ಲೇ ಬರಬೇಕು. ಮೊನ್ನೆ ಎದ್ದ ಕಲ್ಲಿಗೆ ಎಡವಿ ಕಾಲು ಉಳುಕಿದೆ. ಗೋಡೆ ಹಿಡಿದು ಮನೆ ಮುಟ್ಟಿದಳಂತೆ. ನನಗೆ ಗೊತ್ತೇ ಇರಲಿಲ್ಲ. ಮೂರು ದಿನದಿಂದ ಕುಂಟುತ್ತಿದ್ದಳು, ಹೊಸ ಚಪ್ಪಲಿ ಕಚ್ಚಿರಬೇಕು ಅಂದುಕೊಂಡಿದ್ದೆ.

ಆಮೇಲೆ ಅತ್ತ ಕಡೆಯಿಂದ ರೇಡಿಯೋ ಹುಡುಗಿ ನಿಯಮ ಹೇಳುತ್ತಿರಬೇಕು. ಗೋಡೆಯಾಚೆ ನರ್ಸಮ್ಮ ನಕ್ಕಳು — "ಗೊತ್ತು ಮೇಡಂ, ಬೆಂಚು ಮುಗೀಬೇಕು. ಪರವಾಗಿಲ್ಲ ಬಿಡಿ, ಕಾಯ್ತೀನಿ. ಆ ಫೋನ್ ಬಂದ ದಿನ ತಾತ ಸಂಜೆವರೆಗೂ ಸಿಳ್ಳೆ ಹೊಡೀತಿರ್ತಾರೆ."

ಬ್ರೆಡ್ಡು ಕರಕಲಾಯಿತು.

ಡಿನೈಡ್. ಜಸ್ಟಿಸ್ ಡಿಲೇಡ್ ಈಸ್ ಜಸ್ಟಿಸ್ ಡಿನೈಡ್. ಬೇಕಾದಾಗ ಬಾರದ ಮಾತು, ಈಗ ಅಡುಗೆಮನೆಯಲ್ಲಿ ನಿಂತಾಗ ಪೂರ್ತಿ ಬಂತು.

ಏಪ್ರಿಲ್ ೮, ಮಂಗಳವಾರ

"ಆಯ್ತಾ ಸಾರ್?"

"ಆಯ್ತು ಮೇಡಂ. ಎಂದೋ ಆಯ್ತು. ಬೆಂಚು ಚಿನ್ನದಂಥದ್ದು. ಮುಂದೆ ಓಣಿ ದೀಪ ತಗೊಳ್ಳಿ, ಬೇಗ."

ಫೋನ್ ಇಟ್ಟೆ. ಬರುವ ಮಂಗಳವಾರ ಶರ್ಟು ಇಸ್ತ್ರಿ ಮಾಡಬೇಕಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕಾಲಿಗೆ ಪಟ್ಟಿ ಸುತ್ತಿಕೊಂಡ ನರ್ಸಮ್ಮ.

"ತಾತ, ಬರೋ ಮಂಗಳವಾರದಿಂದ ಅವರು ನನಗೆ ಫೋನ್ ಮಾಡೋದು. ನಿಮಗೂ ಡ್ಯೂಟಿ ಇದೆ."

"ನನಗೇನಮ್ಮ ಡ್ಯೂಟಿ?"

"ನಿಮ್ಮ ರೇಡಿಯೋ ಸಣ್ಣ ಮಾಡೋದು. ನಾನು ಗೋಡೆಗೆ ಒಂದು ಸಲ ಕುಟ್ಟಿದರೆ ಸಣ್ಣ, ಎರಡು ಸಲ ಕುಟ್ಟಿದರೆ ದೊಡ್ಡ. ತಪ್ಪಿಸಿದರೆ ಇಂಜೆಕ್ಷನ್!"

ಏಪ್ರಿಲ್ ೧೫, ಮಂಗಳವಾರ

ಗೋಡೆ ಒಂದು ಸಲ ಕುಟ್ಟಿತು. ಸೌಟು ಹಿಡಿದ ಕೈಯಿಂದಲೇ ಗುಂಡಿ ತಿರುಗಿಸಿದೆ. ತಿರುಗಿಸಿದ ಮೇಲೆ ಕೈ ನೋಡಿಕೊಂಡೆ.

ಶರ್ಟು ಇಸ್ತ್ರಿ ಮಾಡಿದ್ದೆ. ಡ್ಯೂಟಿ ಡ್ಯೂಟಿಯೇ.

ದೀಪ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ನರ್ಸಮ್ಮ ಬರುವ ಹೊತ್ತಿಗೆ ಟಾರ್ಚ್ ಹಿಡಿದು ಓಣಿಯ ಬಾಯಿಗೆ ಹೋಗುತ್ತಿದ್ದೇನೆ. "ತಾತ, ನೀವೇ ಎಡವಿದರೆ ಎರಡು ಪೇಷಂಟು" ಎನ್ನುತ್ತಾಳೆ. ಎನ್ನಲಿ.

ಏಪ್ರಿಲ್ ೨೪, ಗುರುವಾರ. ಸಂಜೆ

ಮಧ್ಯಾಹ್ನ ಲೈನಿನವರು ಬಂದರು. ಓಣಿಯ ಕಂಬಕ್ಕೆ ಏಣಿ ಹಾಕಿದರು, ಹತ್ತಿದರು, ಇಳಿದರು. "ಕತ್ತಲಾದರೆ ತಾನೇ ಹತ್ತುತ್ತೆ ಸಾರ್" ಎಂದರು. ಹೊಸ ಬಲ್ಬಿನ ಮುಖ ಓಣಿಯ ಕಡೆಗೇ ಇದೆಯೋ, ಗೋಡೆಯ ಕಡೆಗೋ ಎಂದು ಕೇಳಿದೆ. ನಕ್ಕರು. ನನಗೆ ತಮಾಷೆಯಲ್ಲ, ಅನುಭವ.

ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತಿದ್ದೇನೆ. ಒಳಗೆ ದೀಪ ಹಾಕಿಲ್ಲ, ಹಾಕಿದರೆ ಹೊರಗಿನದು ತಿಳಿಯುವುದಿಲ್ಲ. ಹತ್ತಿದರೂ ನಾನು "ಆಯ್ತು" ಎನ್ನುವ ಹಾಗಿಲ್ಲ. ಮಂಗಳವಾರ ನರ್ಸಮ್ಮನೇ ಹೇಳಬೇಕು. ಮೊದಲು ಗೋಡೆಯಿಂದ ನನಗೆ, ಆಮೇಲೆ ಊರಿಗೆ. ಟಾರ್ಚು ಮೊಣಕಾಲ ಮೇಲೇ ಇದೆ, ಯಾವುದಕ್ಕೂ ಇರಲಿ. ಅವಳು ಬರುವ ಹೊತ್ತಾಯಿತು. ಕ್ಷೌರದವನು ಅಂಗಡಿಯ ಬಾಗಿಲು ಎಳೆದ ಸದ್ದು. ಓಣಿಯ ಬಾಯಿಯಾಚೆ ಬೆಂಚಿನ ಮೇಲೆ ಯಾರೋ ಕೂತಿದ್ದಾರೆ, ರಸ್ತೆ ಕಡೆ ಮುಖ ಮಾಡಿ. ಯಾರೆಂದು ಕಾಣುತ್ತಿಲ್ಲ. ಬರೆಯುತ್ತಿರುವ ಸಾಲೂ ಸರಿಯಾಗಿ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ, ಕಂಬದ ದೀಪ ಇನ್ನೂ...