ಶನಿವಾರದ ಪುಸ್ತಕ

ಮೇ ೨೮, ಗುರುವಾರ

ಪ್ರೀತಿಯ ವಕೀಲಮ್ಮನಿಗೆ,

ಅಪ್ಪನ ಆಶೀರ್ವಾದಗಳು. ನೀನು ಕಪ್ಪು ಕೋಟು ಹಾಕದೆ ಶಾಲೆಯಲ್ಲಿ ಪಾಠ ಹೇಳತೊಡಗಿ ಹದಿನೈದು ವರ್ಷವಾದರೂ ನನಗೆ ವಕೀಲಮ್ಮನೇ. ಮಾತು ಕಲಿತಾಗಿನಿಂದ ನನ್ನ ಮೇಲೆ ಹೂಡಿದ ಒಂದು ಮೊಕದ್ದಮೆಯನ್ನೂ ನೀನು ಸೋತಿಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕನ್ನಡಕದ ಕಾಲು ಮುರಿದಿತ್ತು, ಪೆನ್ನು ಸೋರುತ್ತಿತ್ತು, ಬೆನ್ನು ಹಿಡಿದುಕೊಂಡಿತ್ತು ಎಂದು ದಿನ ದೂಡಿದೆ. "ಕಳ್ಳನಿಗೊಂದು ಪಿಳ್ಳೆ ನೆವ. ಬರೀರಿ ಸುಮ್ನೆ, ಮಗು ಕಾಯ್ತಿರತ್ತೆ" ಎಂದು ನಿನ್ನ ಅಮ್ಮ ಇವತ್ತು ಮೇಜು ಒರೆಸಿ ಕಾಗದ ಇಟ್ಟೇಬಿಟ್ಟಳು. ಈಗ ಪಕ್ಕದಲ್ಲೇ ಕೂತು ನನ್ನ ಹಳೆಯ ಅಂಗಿಯ ಕಾಲರು ಬಿಚ್ಚುತ್ತಿದ್ದಾಳೆ. ಅರ್ಧ ಕಣ್ಣು ಕತ್ತರಿಯ ಮೇಲೆ, ಒಂದೂವರೆ ಕಣ್ಣು ಈ ಕಾಗದದ ಮೇಲೆ.

ಮೊಮ್ಮಗಳು ಈ ವರ್ಷ ಐದನೆಯ ತರಗತಿಗೆ, ಅದೂ ನಿನ್ನ ಕೈಕೆಳಗೇ ಬರುತ್ತಾಳೆಂದು ಬರೆದಿದ್ದೀಯ. ನೀನು ನನ್ನ ಕೈಗೆ ಸಿಕ್ಕಿದ್ದೂ ಐದರಲ್ಲೇ. ಶಾಲೆ ತೆರೆಯುವ ಮುನ್ನ ಉಪಾಧ್ಯಾಯರ ಸಭೆಯಲ್ಲಿ ಶನಿವಾರದ ಪುಸ್ತಕದ ಬಗ್ಗೆ ಮಾತಾಡಬೇಕು, ಅದು ಹೇಗೆ ಶುರುವಾಯಿತೆಂದು ವಿವರವಾಗಿ ತಿಳಿಸು ಎಂದಿದ್ದೀಯ. ಭಾಷಣದ ಮೊದಲ ಸಾಲನ್ನೂ ಕಳಿಸಿದ್ದೀಯ: "ನಮ್ಮ ತಂದೆ ಒಂದು ದಿನವೂ, ಒಂದು ಮಗುವಿನ ಪುಸ್ತಕವನ್ನೂ ತೆರೆದು ನೋಡಲಿಲ್ಲ." ಆ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಅದರ ವಿಚಾರ ಆಮೇಲೆ. ಮೊದಲು ನೀನು ಕೇಳಿದ್ದನ್ನು ಬರೆಯುತ್ತೇನೆ.

ಆಗ ನಮ್ಮ ಕಪ್ಪುಹಲಗೆಯ ಬಲಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಗಲಾಟೆ ಮಾಡಿದವರ ಹೆಸರನ್ನು ತರಗತಿಯ ಮುಖಂಡ ಅದರಲ್ಲಿ ಬರೆಯಬೇಕು. ಒಂದು ದಿನ ಒಳಗೆ ಬರುವಾಗ ಕೇಳಿಸಿತು, "ಲೋ, ನನ್ನ ಹೆಸರು ಸಣ್ಣಕ್ಷರದಲ್ಲಿ ಯಾಕೋ ಬರ್ದೆ? ಅವನದ್ದು ಮಾತ್ರ ದೊಡ್ಡದಾಗಿದೆ!" ನಾಚಿಕೆಯಾಗಲಿ ಎಂದು ಕಟ್ಟಿದ ಚೌಕ ಸನ್ಮಾನದ ಪಟ್ಟಿಯಾಗಿಬಿಟ್ಟಿತ್ತು. ನನಗೆ ನಗು ಬಂತು, ಹಿಂದೆಯೇ ದಿಗಿಲೂ ಆಯಿತು. ಅವತ್ತೇ ಚೌಕ ಅಳಿಸಿ, ಮುಂದಿನ ವಾರ ಎಲ್ಲರಿಗೂ ನಲವತ್ತು ಪುಟದ ಒಂದೊಂದು ಪುಸ್ತಕ ಹಂಚಿದೆ. ಶನಿವಾರದ ಕೊನೆಯ ಕಾಲು ಗಂಟೆ, ಎರಡೇ ಪ್ರಶ್ನೆ. ಈ ವಾರ ನನಗೆ ನಾನು ಯಾವಾಗ ಇಷ್ಟವಾದೆ? ಯಾವಾಗ ಇಷ್ಟವಾಗಲಿಲ್ಲ? ಬರೆದಾದ ಮೇಲೆ ಕಪಾಟಿಗೆ ಹಾಕಿ ಬೀಗ. ನಾನು ಎದೆ ಮುಟ್ಟಿಕೊಂಡು ಹೇಳಿದೆ, "ಇದನ್ನ ನಾನು ಓದಲ್ಲ. ಯಾರೂ ಓದಲ್ಲ."

"ಅಂಕ ಕೊಡದೇ ಇರೋದನ್ನ ಯಾವ ಮಕ್ಕಳು ಬರೀತಾರ್ರೀ?" ಎಂದು ಮುಖ್ಯೋಪಾಧ್ಯಾಯಿನಿ ಮೂಗು ಮುರಿದರು. ಮೊದಲ ವಾರಗಳಲ್ಲಿ ಅವರು ಹೇಳಿದ್ದೇ ನಿಜವೆನಿಸಿತು. ಒಬ್ಬ ಇಡೀ ಕಾಲು ಗಂಟೆ ನನ್ನ ಮೀಸೆಯ ಚಿತ್ರ ಬರೆದು, ಮುಚ್ಚಿಡುವ ಮೊದಲು ಪಕ್ಕದವನಿಗೆ ತೋರಿಸಿ ಕಿಸಿಕಿಸಿ ನಗುತ್ತಿದ್ದ.

ಬೆಂಕಿಪೊಟ್ಟಣ ನೆನಪಿದ್ದಾಳೆಯೇ? ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಬರುತ್ತಿದ್ದ, ನಿನ್ನ ಹಿಂದಿನ ಬೆಂಚಿನ ಹುಡುಗಿ. ನಿನ್ನ ಜಡೆಯನ್ನು ಎರಡು ಸಲ ಬೆಂಚಿಗೆ ಕಟ್ಟಿದವಳು. ಏಳನೆಯ ವಾರವೋ ಎಂಟನೆಯದೋ, ನನ್ನ ಮೇಜಿನ ಹತ್ತಿರ ಬಂದು ಹೆಬ್ಬೆರಳಿನಿಂದ ನೆಲ ಗೀರುತ್ತ ನಿಂತಳು.

"ಸರ್, ಎರಡನೇ ಪ್ರಶ್ನೆಗೆ ಪ್ರತಿ ವಾರ ಬರೆದಿದ್ದೇ ಬರೀತಿದ್ದೀನಿ. ಬೇಜಾರಾಗ್ಬಿಟ್ಟಿದೆ."

"ಏನು ಬರೀತಿದ್ದೀಯ?"

"ಅದು ಹೇಳಲ್ಲ. ನೀವೇ ಅಲ್ವಾ ಯಾರೂ ಓದಲ್ಲ ಅಂದಿದ್ದು? ಬೇರೆ ಏನಾದ್ರೂ ಬರೆಯೋ ಹಾಗೆ ಮಾಡ್ಬೇಕು ಅಂತಿದ್ದೀನಿ, ಅಷ್ಟೇ."

ಮರುವಾರದಿಂದ ಅವಳ ಕೈ ಯಾರ ಜಡೆಗೂ ಹೋಗಲಿಲ್ಲ. ನಾನು ಬೈದಿರಲಿಲ್ಲ, ಹೊಗಳಿರಲೂ ಇಲ್ಲ. ಇಪ್ಪತ್ತು ವರ್ಷ ಬೆತ್ತ ಹಿಡಿದು ತಿಳಿಯದ ಸಂಗತಿ ನನಗೆ ಅವಳಿಂದ ತಿಳಿಯಿತು. ನಾವು ನೋಡುತ್ತಿದ್ದರೆ ಮಕ್ಕಳು ನಮ್ಮ ಮುಖ ನೋಡಿ ಒಳ್ಳೆಯವರಾಗುತ್ತಾರೆ. ನಾವು ಆಚೆ ತಿರುಗಿದರೆ ಎಲ್ಲೋ ಕೆಲವರು ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ. ಎಲ್ಲರೂ ಅಲ್ಲ, ಭಾಷಣದಲ್ಲಿ ಹಾಗೆ ಹೇಳಿಬಿಡಬೇಡ. ಮೀಸೆ ಬರೆದವನು ಕೊನೆಯವರೆಗೂ ಮೀಸೆಯನ್ನೇ ಬರೆದ. ವರ್ಷದ ಕೊನೆಗೆ ಮುಖ್ಯೋಪಾಧ್ಯಾಯಿನಿ ಮೆಲ್ಲನೆ ಬಂದು, "ಒಂದು ಪುಸ್ತಕ ಹೆಚ್ಚಿಗೆ ಇದ್ರೆ ನನಗೂ ಕೊಡ್ರಿ" ಎಂದರು.

ಆ ಕೋಣೆಯೇ ಈಗಲೂ ಕಣ್ಣಿಗೆ ಕಟ್ಟುತ್ತದೆ. ಸೀಮೆಸುಣ್ಣದ ವಾಸನೆ, ಒಂದು ಕಾಲು ಗಿಡ್ಡವಾದ ನನ್ನ ಕುರ್ಚಿ, ನಲವತ್ತು ತಲೆಗಳು ಬಗ್ಗಿದಾಗ ಆಗುತ್ತಿದ್ದ ಆ ಮೌನ. ಕಿಟಕಿಯ ಪಕ್ಕದ ಬೆಂಚಿನಲ್ಲಿ ನೀನು. ಮೇಷ್ಟ್ರ ಮಗಳೆಂದು ಯಾರೂ ಆಡಿಕೊಳ್ಳಬಾರದೆಂದು ನಿನಗೆ ಅರ್ಧ ಅಂಕ ಕಡಿಮೆಯೇ ಕೊಡುತ್ತಿದ್ದೆ. ಒಮ್ಮೆ ಮನೆಯಲ್ಲಿ ಊಟಕ್ಕೆ ಕೂತಾಗ ನೀನು ಗಂಭೀರವಾಗಿ, "ಅಪ್ಪಾ, ನಮ್ಮ ಶಾಲೆ ಲೆಕ್ಕದ ಮೇಷ್ಟ್ರು ಸರಿಯಿಲ್ಲ, ನೀವೊಂದ್ಸಲ ಬಂದು ಅವರನ್ನ ಕೇಳಿ" ಎಂದೆ. ಅಮ್ಮ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ಈಗ ಇದನ್ನು ಓದಿಯೂ ನಗುತ್ತಿದ್ದಾಳೆ. ಆ ದಿನಗಳು ಇನ್ನೊಮ್ಮೆ ಬಂದರೆ ಸಂಬಳವಿಲ್ಲದೆ ಪಾಠ ಮಾಡಿಯೇನು.

ನಿನ್ನ ಭಾಷಣ ಚೆನ್ನಾಗಿ ಆಗಲಿ. ಅಳಿಯಂದಿರಿಗೆ ನನ್ನ ನೆನಪು ಹೇಳು. ಮೊಮ್ಮಗಳಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ನಿನ್ನ ಮಕ್ಕಳೆಲ್ಲ, ಹೆತ್ತ ಮಗಳೂ ಬೆಂಚಿನ ಮಕ್ಕಳೂ, ಸುಖವಾಗಿರಲಿ.

ಇಂತಿ,
ನಿನ್ನ ಅಪ್ಪ

ವಿ. ಸೂ.: ಅಮ್ಮ ಇಲ್ಲಿಯವರೆಗೆ ಓದಿ, "ಚೆನ್ನಾಗಿದೆ, ಅಂಟಿಸಿ" ಎಂದು ಒಳಗೆ ಹೋದಳು. ಇನ್ನು ಮುಂದಿನದು ಅವಳಿಗೂ ಗೊತ್ತಿಲ್ಲ. ಮೂರು ವಾರ ತಡವಾದದ್ದು ಕನ್ನಡಕದಿಂದಲ್ಲ, ಇದರಿಂದ.

ನಿನ್ನ ಭಾಷಣದ ಮೊದಲ ಸಾಲು ನಿಜವಲ್ಲ. ನಾನು ಒಂದು ಪುಸ್ತಕ ತೆರೆದಿದ್ದೆ. ಒಂದೇ ಒಂದು, ನಿನ್ನದು. ಕಪಾಟಿಗೆ ಗೆದ್ದಲು ಹಿಡಿದು ಎಲ್ಲವನ್ನೂ ಹೊರಗೆ ತೆಗೆದ ದಿನ ನಿನ್ನ ಅಕ್ಷರ ಕಣ್ಣಿಗೆ ಬಿತ್ತು. ನನ್ನ ಮಗಳದ್ದು ತಾನೇ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಓದಿದೆ.

ದಿನಾ ಬೆಳಿಗ್ಗೆ ನಾವು ಕೈ ಹಿಡಿದು ಹೊರಡುತ್ತಿದ್ದೆವು. ದರ್ಜಿಯ ಅಂಗಡಿ ಬಂದ ಕೂಡಲೇ ನಾನು "ಇಲ್ಲಿಂದ ಅಪ್ಪ ಅಲ್ಲ, ಸರ್" ಎಂದು ನಿನ್ನ ಕೈ ಬಿಡುತ್ತಿದ್ದೆ. ಮೊದಲ ಪ್ರಶ್ನೆಗೆ ನೀನು ಬರೆದಿದ್ದೆ: "ಈ ವಾರ ದರ್ಜಿ ಅಂಗಡಿ ಹತ್ತಿರ ಅಪ್ಪ ಕೈ ಬಿಡೋಕೆ ಮುಂಚೆ ನಾನೇ ಬಿಟ್ಟೆ. ಅಳು ಬರಲಿಲ್ಲ. ಆಗ ನನಗೆ ನಾನು ಇಷ್ಟವಾದೆ."

ಉಳಿದ ದಿನ ಅಳು ಬರುತ್ತಿತ್ತೆಂದು ನನಗೆ ಗೊತ್ತಾದದ್ದು ಆಗ. ಮುಂದಿನ ಸೋಮವಾರ ಅಂಗಡಿ ಹತ್ತಿರವಾದಂತೆ ನೀನು ಬೆರಳು ಸಡಿಲಿಸಿದೆ. ಬಿಗಿಯಾಗಿ ಹಿಡಿದುಕೊಳ್ಳಬೇಕೆಂದು ಜೀವ ಹೊಡೆದುಕೊಂಡಿತು. ಹಿಡಿದಿದ್ದರೆ ನಾನು ಓದಿದ್ದೇನೆಂದು ನಿನಗೆ ತಿಳಿದುಹೋಗುತ್ತಿತ್ತು. ಮಾತಿಗೆ ತಪ್ಪಿದ ಮೇಷ್ಟ್ರು ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಬಿಟ್ಟುಬಿಟ್ಟೆ. ಸ್ವಲ್ಪ ದಿನಕ್ಕೆ ನೀನು ಮನೆ ಬಾಗಿಲಿನಿಂದಲೇ ಒಬ್ಬಳೇ ಮುಂದೆ ಮುಂದೆ ನಡೆದೆ. "ನಮ್ಮ ಹುಡುಗಿ ಎಷ್ಟು ಬೇಗ ಗಟ್ಟಿಯಾದಳು ನೋಡಿ" ಎಂದು ಅಮ್ಮ ಹಿಗ್ಗಿದಳು. ನಾನೂ ಹೂಂ ಎಂದೆ.

ಮೊಮ್ಮಗಳ ಪುಸ್ತಕ ನೀನು ತೆರೆಯಬೇಡ. ಅಪ್ಪಿತಪ್ಪಿ ತೆರೆದರೆ ಓದಿದೆ ಎಂದು ಅವಳಿಗೆ ಹೇಳಿ ಬೈಸಿಕೋ. ನನ್ನ ಹಾಗೆ ಒಳ್ಳೆಯ ಹೆಸರು ಉಳಿಸಿಕೊಳ್ಳಬೇಡ.

ಆ ಸೋಮವಾರ ನಾನು ಹಿಡಿದುಕೊಳ್ಳಲಿ ಎಂದು ನೀನು ಕಾದಿದ್ದೆಯಾ ಮಗಳೇ? ಕಾದಿದ್ದರೆ ನನಗೆ ಬರೆಯಬೇಡ. ಇಲ್ಲವಾದರೆ ತಡಮಾಡದೆ ಒಂದು ಸಾಲು ಬರಿ.